ಸದ್ದು ಕೇಳುತ್ತೆ, ಮಾತು ಗೊತ್ತಾಗಲ್ಲ: ಕಾಫಿ ವ್ಯಾಪಾರಿಯೊಬ್ಬರ ಶ್ರವಣ ಸಾಧನದ ಪ್ರಕರಣ ಅಧ್ಯಯನ

ಚಿಕ್ಕಮಗಳೂರು ಪೇಟೆಯಲ್ಲಿ ಕಾಫಿ ಕೊಳ್ಳುವ ಅಂಗಡಿ ಇಟ್ಟಿರುವ 63 ವರ್ಷದ ಒಬ್ಬರ ಪ್ರಕರಣ ಇದು. ಗುರುತು ಹತ್ತಬಾರದೆಂದು ಬೀದಿ, ಅಂಗಡಿ, ಸಾಧನದ ಕಂಪನಿ ಯಾವುದರ ಹೆಸರನ್ನೂ ಹೇಳಿಲ್ಲ. ಮನೆಯ ಕೆಲವು ವಿವರಗಳನ್ನು ಬದಲಿಸಲಾಗಿದೆ. ಬೆಳೆಗಾರರು ಕರೆಯುವಂತೆ ಇಲ್ಲಿಯೂ ಅವರನ್ನು ಸಾಹುಕಾರರು ಎಂದೇ ಕರೆದಿದೆ.

ಅವರ ಬಳಿ ಆಗಲೇ ಒಂದು ಜೊತೆ ಒಳ್ಳೆಯ ಶ್ರವಣ ಸಾಧನ ಇತ್ತು. ಕಿವಿಯ ಹಿಂದೆ ಕೂರುವ, ತೆಳು ತಂತಿಯ ತುದಿಯಲ್ಲಿ ರಿಸೀವರ್ (ಸದ್ದು ಹೊರಡಿಸುವ ಪುಟ್ಟ ಸ್ಪೀಕರ್) ಕಿವಿಯೊಳಕ್ಕೆ ಹೋಗುವ ಬಗೆಯದು, 312 ನಂಬರಿನ ಜಿಂಕ್-ಏರ್ ಬ್ಯಾಟರಿ, ಎರಡು ಮೈಕು, ಗದ್ದಲ ತಗ್ಗಿಸುವ ವ್ಯವಸ್ಥೆಯೂ ಇತ್ತು. ಕೊಂಡು ಎರಡು ವರ್ಷವಾಗಿತ್ತು. ಆದರೂ ಅವು ಬಹುಪಾಲು ಗಲ್ಲಾಪೆಟ್ಟಿಗೆಯ ಒಳಗೇ ಇರುತ್ತಿದ್ದವು. "ಇದು ಹಳೇದಾಯ್ತು ಅಪ್ಪಾಜಿ, ಇದಕ್ಕಿಂತ ಮೇಲಿನದು ಬಂದಿದೆ, ತಗೊಳ್ಳೋಣ" ಎಂದು ಮಗ ಹೊಸ ಜೋಡಿಗೆ ದುಡ್ಡು ಹೊಂದಿಸಿಕೊಂಡೇ ಬಂದಿದ್ದರು. ಕೊನೆಗೆ ಹೊಸ ಜೋಡಿ ಬೇಕಾಗಲಿಲ್ಲ. ಏಕೆ ಬೇಕಾಗಲಿಲ್ಲ ಎನ್ನುವುದನ್ನು ಬಿಡಿಸಿ ಹೇಳಲೆಂದೇ ಈ ಬರಹ.

ಹಿನ್ನೆಲೆ

ಅಂಗಡಿಯ ಮುಂದೆ ಲಾರಿ, ಬಸ್ಸು ಓಡುವ ರಸ್ತೆ. ಹಿಂದೆ ಗೋಡೌನು, ಅದರೊಳಗೆ ಒಣ ಚೆರಿಯ, ಅಂದರೆ ಒಣಗಿದ ಕಾಫಿ ಹಣ್ಣಿನ, ಸಿಪ್ಪೆ ಬಿಡಿಸುವ ಹಲ್ಲರ್ ಯಂತ್ರ. ತಗಡಿನ ಮಾಡು, ಟೈಲ್ಸ್ ನೆಲ, ಬೋಳು ಗೋಡೆ. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ರೋಬಸ್ಟಾ ಮುಗಿಯುವ ಮಾರ್ಚ್‌ವರೆಗೂ ಅಲ್ಲಿ ಜನ, ಚೀಲ, ಜೀಪು, ಪಿಕಪ್ಪಿನ ಸಂತೆ. ಮೂವತ್ತಕ್ಕೂ ಹೆಚ್ಚು ವರ್ಷ ಈ ಸದ್ದಿನ ನಡುವೆಯೇ ಕಳೆದ ಕಿವಿಗಳು ಅವರವು. ವಯಸ್ಸಿನ ಸವೆತ ಮತ್ತು ಯಂತ್ರದ ಸದ್ದಿನ ಪೆಟ್ಟು ಎರಡೂ ಸೇರಿದ್ದವು.

ಮೊದಲು ಕಿವಿ ಡಾಕ್ಟರು ನೋಡಿ ಗುಗ್ಗೆ ತೆಗೆದರು. ಕಿವಿತಮಟೆ ಸರಿಯಿತ್ತು, ಮಧ್ಯಕಿವಿಯ ಒತ್ತಡವೂ ಸರಿಯಿತ್ತು. ಆಡಿಯೋಗ್ರಾಮ್ ಎಂದರೆ ಯಾವ ಸ್ವರ ಎಷ್ಟು ಸದ್ದಿಗೆ ಕೇಳಲು ಶುರುವಾಗುತ್ತದೆ ಎಂದು ತೋರಿಸುವ ನಕ್ಷೆ, ಡೆಸಿಬೆಲ್ ಹೆಚ್ಚಿದಷ್ಟೂ ದೋಷ ಹೆಚ್ಚು. ಅದರಲ್ಲಿ ಎರಡೂ ಕಿವಿ ಹೆಚ್ಚುಕಡಿಮೆ ಒಂದೇ: 250 ಹರ್ಟ್ಸ್‌ನಲ್ಲಿ 30 ಡೆಸಿಬೆಲ್, 500ರಲ್ಲಿ 40, 1000ದಲ್ಲಿ 50, 2000ದಲ್ಲಿ 55, 4000ದಲ್ಲಿ 70. 500ರಿಂದ 4000ದವರೆಗಿನ ನಾಲ್ಕು ಸ್ವರಗಳ ಸರಾಸರಿ 54 ಡೆಸಿಬೆಲ್. ಮೂಳೆಯ ಮೂಲಕ ಸದ್ದನ್ನು ನೇರವಾಗಿ ಒಳಕಿವಿಗೆ ಮುಟ್ಟಿಸಿ ಮಾಡಿದ ಪರೀಕ್ಷೆಯಲ್ಲೂ ಅದೇ ಇಳಿಜಾರು. ಅಂದರೆ ತೊಂದರೆ ಒಳಕಿವಿಯದು, ಔಷಧಿಯಿಂದ ಸರಿಹೋಗುವಂಥದ್ದಲ್ಲ. ಒಂದೇ ಕಿವಿ ಹೆಚ್ಚು ಕೆಟ್ಟಿದ್ದರೆ ಅಥವಾ ಏಕಾಏಕಿ ಕೆಟ್ಟಿದ್ದರೆ ಸಾಧನದ ಮಾತು ಬಿಟ್ಟು ಮೊದಲು ಡಾಕ್ಟರ ಬಳಿಗೇ ವಾಪಸು ಕಳಿಸಬೇಕಿತ್ತು. ಇಲ್ಲಿ ಹಾಗಿರಲಿಲ್ಲ.

ತೊಂದರೆ ನಿಜಕ್ಕೂ ಎಲ್ಲಿತ್ತು

ಸಾಹುಕಾರರ ದೂರು ಒಂದೇ ಸಾಲಿನದು: "ಸದ್ದು ಕೇಳುತ್ತೆ, ಆದ್ರೆ ಏನ್ ಹೇಳ್ತಿದಾರೆ ಗೊತ್ತಾಗಲ್ಲ. ಮಿಷನ್ ಹಾಕಿದ್ರೆ ಲಾರಿ ಸದ್ದೇ ದೊಡ್ಡದಾಗುತ್ತೆ." ಮನೆಯಲ್ಲಿ ಹೆಂಡತಿ ಎದುರು ಕೂತು ಮಾತಾಡಿದರೆ ಸಾಧನ ಇಲ್ಲದೆಯೂ ಸುಮಾರಾಗಿ ನಡೆಯುತ್ತಿತ್ತು. ಅಂಗಡಿಯಲ್ಲಿ ಮತ್ತು ಮದುವೆಮನೆಯಲ್ಲಿ ಸೋಲುತ್ತಿದ್ದರು.

ಹಿಂದಿನ ಸೀಸನ್ನಿನಲ್ಲಿ ನಡೆದ ಒಂದು ಎಡವಟ್ಟು ಅವರನ್ನು ಇಲ್ಲಿಯವರೆಗೆ ತಂದಿತ್ತು. ಬೆಳೆಗಾರರೊಬ್ಬರು ಚೀಲದ ಬೆಲೆಯ ಕೊನೆಯ ಎರಡು ಅಂಕಿಗಳನ್ನು "ಎಪ್ಪತ್ತು" ಎಂದಿದ್ದರು. ಇವರು "ಇಪ್ಪತ್ತು" ಎಂದು ಕೇಳಿಸಿಕೊಂಡು ತಲೆಯಾಡಿಸಿದ್ದರು. ಚೀಲಕ್ಕೆ 50 ರೂಪಾಯಿ ವ್ಯತ್ಯಾಸ, 40 ಚೀಲಕ್ಕೆ 2000 ರೂಪಾಯಿ. ದುಡ್ಡು ದೊಡ್ಡದಲ್ಲ, ಆದರೆ ಎದುರಿನವರು "ಮಾತು ಬದಲಾಯಿಸ್ತೀರಾ ಸಾಹುಕಾರ್ರೇ" ಎಂದರು. ವ್ಯಾಪಾರಸ್ಥರಿಗೆ ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇಲ್ಲ.

ಈ ತಪ್ಪಿಗೆ ಕಾರಣ ಆಡಿಯೋಗ್ರಾಮಿನಲ್ಲೇ ಇದೆ. ಇಪ್ಪತ್ತು, ಎಪ್ಪತ್ತು ಎರಡಕ್ಕೂ ಇರುವ ಭೇದ ಮೊದಲ ಸ್ವರದ್ದು ಮಾತ್ರ. 'ಇ' ಮತ್ತು 'ಎ' ಸ್ವರಗಳನ್ನು ಬೇರೆ ಮಾಡುವ ಕುರುಹು ಎರಡು ಕಡೆ ಇರುತ್ತದೆ: ಒಂದು 500 ಹರ್ಟ್ಸ್ ಆಸುಪಾಸಿನ ಕೆಳಗಿನ ಪಟ್ಟಿಯಲ್ಲಿ, ಇನ್ನೊಂದು 2000 ಹರ್ಟ್ಸ್ ಆಸುಪಾಸಿನಲ್ಲಿ. ಕೆಳಗಿನದನ್ನು ಲಾರಿ ಮತ್ತು ಹಲ್ಲರಿನ ಗುಂಯ್‌ಗುಟ್ಟುವಿಕೆ ಮುಚ್ಚಿತ್ತು, ಮೇಲಿನದನ್ನು ಕಿವಿಯ ದೋಷ ನುಂಗಿತ್ತು. ಸ, ಶ, ಚ, ತ ದಂಥ ವ್ಯಂಜನಗಳ ಪಾಡು ಇನ್ನೂ ಕಷ್ಟ, ಏಕೆಂದರೆ ಅವುಗಳ ಬಲ ಬಹಳಷ್ಟು 2000 ಹರ್ಟ್ಸ್‌ಗಿಂತ ಮೇಲಿರುತ್ತದೆ ಮತ್ತು ಸದ್ದು ಮೊದಲೇ ಸಣ್ಣದು. ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಕೊಡ್ತೀನೋ ಕೊಡಲ್ಲವೋ ಎನ್ನುವುದು ವಾಕ್ಯದ ಕೊನೆಯಲ್ಲಿ ಬರುತ್ತದೆ, ಮಾತಾಡುವವರ ದನಿ ಇಳಿಯುವುದೂ ಅಲ್ಲಿಯೇ. ಗದ್ದಲದಲ್ಲಿ ಮೊದಲು ಕಳೆದುಹೋಗುವುದು ಆ ಬಾಲವೇ.

ಪದಗಳ ಪರೀಕ್ಷೆಯಲ್ಲಿ ಇದು ಇನ್ನಷ್ಟು ಸ್ಪಷ್ಟವಾಯಿತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಪದಪಟ್ಟಿಗಳೂ ಗದ್ದಲದ ನಡುವೆ ಕೇಳಿಸುವ ವಾಕ್ಯಪಟ್ಟಿಗಳೂ ರೂಪುಗೊಂಡಿವೆ. ಇಂಥ ಪಟ್ಟಿ ಇರುವಾಗ "ಕೇಳಿಸ್ತಾ ಇದೆಯಾ?" ಎಂದು ಕೇಳಿ ಬಿಡುವುದು ಪರೀಕ್ಷೆ ಆಗುವುದಿಲ್ಲ. ಶಾಂತ ಕೋಣೆಯಲ್ಲಿ ಹಿತವಾದ ಮಟ್ಟದಲ್ಲಿ 25 ಪದ ಕೊಟ್ಟಾಗ ಬಲಗಿವಿಗೆ 84%, ಎಡಗಿವಿಗೆ 80%. ಅಂದರೆ ಸದ್ದು ಸರಿಯಾಗಿ ತಲುಪಿದರೆ ಅರ್ಥ ಮಾಡಿಕೊಳ್ಳುವ ಶಕ್ತಿ ಇನ್ನೂ ಚೆನ್ನಾಗಿಯೇ ಉಳಿದಿದೆ. ಅದೇ ಪರೀಕ್ಷೆಯನ್ನು ಇರುವ ಸಾಧನ ಹಾಕಿಸಿ, ಹಿಂದಿನಿಂದ ಗದ್ದಲ ಕೊಟ್ಟು, ಮಾತು ಗದ್ದಲಕ್ಕಿಂತ 5 ಡೆಸಿಬೆಲ್ ಮಾತ್ರ ಮೇಲಿರುವಂತೆ ಮಾಡಿದಾಗ 48%. ಎರಡರಲ್ಲಿ ಒಂದು ಪದ ಹಾರಿಹೋಗುತ್ತಿತ್ತು. ಮೊದಲ ಬಾರಿ ಸಾಧನ ಕೊಟ್ಟಾಗ ಗದ್ದಲದ ಪರೀಕ್ಷೆ ಮಾಡಿರಲೇ ಇಲ್ಲ.

ಸಾಧನವನ್ನು ಬಿಚ್ಚಿ ನೋಡಿದಾಗ

ಸಾಧನದ ಒಳಗೆ ದಾಖಲಾಗಿದ್ದ ಬಳಕೆ ದಿನಕ್ಕೆ ಸರಾಸರಿ 2 ಗಂಟೆ, ಎಡದ್ದು ಅದಕ್ಕಿಂತಲೂ ಕಡಿಮೆ. ಎಡದ್ದನ್ನೇ ಏಕೆ ಕಡಿಮೆ ಹಾಕುತ್ತಾರೆ ಎನ್ನುವ ಪ್ರಶ್ನೆಯ ಬೆನ್ನು ಹತ್ತಿದ್ದರಿಂದ ಮೊದಲ ತಿರುವು ಸಿಕ್ಕಿತು.

ಎರಡು ಮೈಕಿನ ಸಾಧನ ದಿಕ್ಕು ಹಿಡಿಯುವುದು ಒಂದು ಸರಳ ಲೆಕ್ಕದಿಂದ. ಸದ್ದು ಮುಂದಿನ ಮೈಕಿಗೂ ಹಿಂದಿನ ಮೈಕಿಗೂ ಒಂದಿಷ್ಟು ಹಿಂದುಮುಂದಾಗಿ ತಲುಪುತ್ತದೆ. ಆ ಕಾಲದ ವ್ಯತ್ಯಾಸ ನೋಡಿ ಒಂದರಿಂದ ಇನ್ನೊಂದನ್ನು ಕಳೆದರೆ ಹಿಂದಿನಿಂದ ಬಂದ ಸದ್ದು ತಗ್ಗುತ್ತದೆ. ಇದು ನಡೆಯಬೇಕಾದರೆ ಎರಡೂ ಮೈಕು ಸಮಸಮವಾಗಿ ಕೇಳಬೇಕು. ಒಂದು ಮಂಕಾದರೂ ಕಳೆಯುವ ಲೆಕ್ಕ ಹಳ್ಳ ಹಿಡಿಯುತ್ತದೆ. ಭೂತಗನ್ನಡಿ ಹಿಡಿದು ನೋಡಿದಾಗ ಎಡ ಸಾಧನದ ಮುಂದಿನ ಮೈಕಿನ ಕಿಂಡಿಯ ಮೇಲೆ ಕಂದು ಬಣ್ಣದ ಪೊರೆ ಕಟ್ಟಿತ್ತು. ಚೆರಿ ಸಿಪ್ಪೆಯ ಧೂಳು ಬೆವರಿಗೆ ಅಂಟಿ, ಒಣಗಿ, ಕಿಂಡಿಯ ಜಾಲರಿಯನ್ನೇ ಮೆತ್ತಿಬಿಟ್ಟಿತ್ತು. ಹಲ್ಲರ್ ಪಕ್ಕ ನಿಂತು ಎಡಗಡೆ ತಿರುಗಿ ಆಳುಗಳಿಗೆ ಹೇಳುವುದು ಅವರ ರೂಢಿ.

ಅದೇ ಸದ್ದನ್ನು ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ಕೊಟ್ಟು ಅಳೆದಾಗ ಬಲ ಸಾಧನದಲ್ಲಿ 1000–2000 ಹರ್ಟ್ಸ್ ನಡುವೆ 8 ಡೆಸಿಬೆಲ್ ಅಂತರ ಇತ್ತು. ಎಡದರಲ್ಲಿ 2 ಡೆಸಿಬೆಲ್ ಕೂಡ ಇರಲಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ದಿಕ್ಕಿನ ಮೈಕು ಚಾಲೂ ಎಂದೇ ತೋರಿಸುತ್ತಿತ್ತು, ಕಿವಿಯಲ್ಲಿ ಅದು ಸತ್ತಿತ್ತು. ಮೈಕಿನ ಮುಚ್ಚಳ ಬದಲಿಸಿ, ರಿಸೀವರ್ ತುದಿಯಲ್ಲಿ ಗುಗ್ಗೆ ತಡೆಯುವ ವ್ಯಾಕ್ಸ್ ಗಾರ್ಡ್ ಹೊಸದು ಹಾಕಿದ ಮೇಲೆ ಎಡದ್ದೂ 7ಕ್ಕೆ ಬಂತು. ಕಿಂಡಿಯನ್ನು ಸೂಜಿಯಿಂದ ಕೆದಕಬಾರದು. ಜಾಲರಿ ಹರಿದು ಧೂಳು ಒಳಗೆ ಹೋದರೆ ಮೈಕನ್ನೇ ಬದಲಿಸಬೇಕಾಗುತ್ತದೆ. ಮೆತ್ತನೆಯ ಒಣ ಬ್ರಷ್ಷಿನಿಂದ, ಕಿಂಡಿ ಕೆಳಮುಖವಾಗಿರುವಂತೆ ಹಿಡಿದು ಉಜ್ಜಬೇಕು. ಆಗ ಉದುರಿದ್ದು ಕೆಳಗೆ ಬೀಳುತ್ತದೆ.

ಎರಡನೆಯ ತಿರುವು ಇದಕ್ಕಿಂತ ದೊಡ್ಡದು. ರಿಸೀವರ್ ತುದಿಗೆ ಹಾಕಿದ್ದು ತೂತುಗಳಿರುವ ತೆರೆದ ಡೋಮ್, ಅಂದರೆ ಕಿವಿಯೊಳಗೆ ಕೂರುವ ಮೆತ್ತನೆಯ ಪುಟ್ಟ ಟೊಪ್ಪಿಗೆ. ಹಾಕಿಕೊಳ್ಳಲು ಹಗುರ, ಕಿವಿ ಕಟ್ಟಿದಂತೆ ಆಗುವುದಿಲ್ಲ, ಆದ್ದರಿಂದ ಅಂಗಡಿಯಲ್ಲೇ ಗಿರಾಕಿ ಖುಷಿಯಾಗುತ್ತಾರೆ. ಕೆಳಸ್ವರಗಳು ಚೆನ್ನಾಗಿ ಕೇಳುವವರಿಗೆ ಅದು ಸರಿಯೂ ಹೌದು. ಆದರೆ 500 ಹರ್ಟ್ಸ್‌ನಲ್ಲಿ 40 ಡೆಸಿಬೆಲ್ ಕಳೆದುಕೊಂಡವರಿಗೆ, ಅದರಲ್ಲೂ ಹಲ್ಲರ್ ಸದ್ದಿನಲ್ಲಿ ಕೂರುವವರಿಗೆ ಅದು ತಪ್ಪು ಆಯ್ಕೆ. ಸಾಧನ ಕೊಡುವ ಕೆಳಸ್ವರ ಆ ತೂತುಗಳಿಂದ ಹೊರಗೆ ಸೋರುತ್ತದೆ. ಲಾರಿಯ ಸದ್ದು ಅದೇ ತೂತುಗಳಿಂದ ನೇರವಾಗಿ ಒಳಗೆ ಬರುತ್ತದೆ. ಮೈಕು ಎಷ್ಟೇ ಜಾಣತನದಿಂದ ಹಿಂದಿನ ಸದ್ದನ್ನು ತಗ್ಗಿಸಿದರೂ, ಮೈಕನ್ನು ಮುಟ್ಟದೆಯೇ ಕಿವಿಗೆ ಹೋಗುವ ಸದ್ದನ್ನು ಅದು ತಡೆಯಲಾರದು. ಸುಮಾರು 1000 ಹರ್ಟ್ಸ್‌ಗಿಂತ ಕೆಳಗೆ ಅವರ ದುಬಾರಿ ಸಾಧನ ಇದ್ದೂ ಇಲ್ಲದಂತಿತ್ತು.

ಇದನ್ನು ಅಳೆದೇ ತೋರಿಸಬಹುದು. ಕಿವಿಯೊಳಗೆ ಸಪೂರ ಸಿಲಿಕೋನ್ ಕೊಳವೆಯನ್ನು ತಮಟೆಗೆ ಸುಮಾರು 5 ಮಿಲಿಮೀಟರ್ ಹತ್ತಿರದವರೆಗೆ ಇಳಿಸಿ, ಸಾಧನ ಹಾಕಿಸಿ, 65 ಡೆಸಿಬೆಲ್ ಮಾತಿನ ಸದ್ದು ಕೊಟ್ಟು ತಮಟೆಯ ಬಳಿ ನಿಜಕ್ಕೂ ಎಷ್ಟು ತಲುಪುತ್ತಿದೆ ಎಂದು ನೋಡುವ ಪ್ರೋಬ್ ಅಳತೆ ಇದು. ಈ ಯಂತ್ರ ಎಲ್ಲ ಕಡೆ ಇರುವುದಿಲ್ಲ. ಇವರು ಅದಕ್ಕಾಗಿ ಮೈಸೂರಿಗೆ ಹೋಗಬೇಕಾಯಿತು. ಆಸ್ಟ್ರೇಲಿಯದಲ್ಲಿ ರೂಪಿಸಿದ, ಈಗ ಎಲ್ಲೆಡೆ ಬಳಕೆಯಲ್ಲಿರುವ ಎನ್‌ಎಎಲ್-ಎನ್‌ಎಲ್2 ಸೂತ್ರ ಕಿವಿಯ ದೋಷಕ್ಕೆ ತಕ್ಕಂತೆ ಪ್ರತಿ ಸ್ವರವನ್ನು ಎಷ್ಟು ಹೆಚ್ಚಿಸಬೇಕೆಂದು ಹೇಳುವ ಗುರಿಗೆ ಹೋಲಿಸಿದಾಗ 500 ಹರ್ಟ್ಸ್‌ನಲ್ಲಿ ಸಾಧನದ ಕೊಡುಗೆ ಸೊನ್ನೆ, 2000ದಲ್ಲಿ ಗುರಿಗಿಂತ 6 ಡೆಸಿಬೆಲ್ ಕಡಿಮೆ, 4000ದಲ್ಲಿ 13 ಕಡಿಮೆ. ಮೇಲಿನ ಸ್ವರ ಹೆಚ್ಚಿಸಹೋದರೆ ತೆರೆದ ಡೋಮಿನಿಂದ ಸದ್ದು ಹೊರಬಂದು ಮೈಕಿಗೆ ತಗುಲಿ ಕೀಂಯ್ ಎನ್ನುತ್ತಿತ್ತು. ಅದನ್ನು ತಪ್ಪಿಸಲು ಸಾಫ್ಟ್‌ವೇರ್ ತಾನೇ ಮೇಲಿನ ಸ್ವರವನ್ನು ಕತ್ತರಿಸಿತ್ತು. ಜೊತೆಗೆ ಹೊಸಬರಿಗೆಂದು ಮೊದಲ ವಾರಗಳಲ್ಲಿ ಕಡಿಮೆ ಇಡುವ ಮಟ್ಟವನ್ನು ಎರಡು ವರ್ಷವಾದರೂ ಯಾರೂ ಏರಿಸಿರಲಿಲ್ಲ. ಸಾಹುಕಾರರಿಗೆ ಬೇಕಿದ್ದ 'ಸ', 'ತ' ಸಿಗದೆ, ಬೇಡದ ಲಾರಿ ಸದ್ದು ಧಾರಾಳವಾಗಿ ಸಿಗುತ್ತಿದ್ದದ್ದು ಹೀಗೆ. ಅಳೆಯದೆ ಕೊಟ್ಟ ಸಾಧನದ ಕುತ್ತೆಲ್ಲ ಬಳಸುವವರ ತಲೆಗೇ ಬರುತ್ತದೆ, "ನನ್ನ ಕಿವಿಗೆ ಇನ್ನು ಏನೂ ಹತ್ತಲ್ಲ" ಎಂದು ಅವರೇ ತೀರ್ಮಾನಿಸಿಬಿಡುತ್ತಾರೆ. ಅದು ನೋವಿನ ಸಂಗತಿ.

ಹೊಸ ಸಾಧನ ಕೊಳ್ಳುವ ಮಾತನ್ನು ಇಲ್ಲಿಗೆ ನಿಲ್ಲಿಸಲಾಯಿತು. ಅದೇ ತೆರೆದ ಡೋಮ್ ಹಾಕಿದ್ದರೆ ಹೊಸದೂ ಗಲ್ಲಾಪೆಟ್ಟಿಗೆಗೇ ಸೇರುತ್ತಿತ್ತು.

ಕಿವಿಗೆ ಮುಚ್ಚಿಗೆ

ಮೊದಲು ಪ್ರಯತ್ನಿಸಿದ್ದು ಅಗ್ಗದ ದಾರಿ: ಎರಡು ಪದರದ ಮುಚ್ಚಿದ ಡೋಮ್. ಕೋಣೆಯಲ್ಲಿ ಅಳತೆ ಚೆನ್ನಾಗಿ ಬಂತು. ಅಂಗಡಿಯಲ್ಲಿ ಅರ್ಧ ದಿನಕ್ಕೇ ಸೀಟಿ ಹೊಡೆಯಲು ಶುರುವಾಯಿತು. ಸಾಹುಕಾರರ ಬಾಯಲ್ಲಿ ಸದಾ ಎಲೆಅಡಿಕೆ. ದವಡೆ ಆಡಿದಾಗ ಕಿವಿಯ ಕಾಲುವೆಯ ಮುಂಭಾಗದ ಆಕಾರವೂ ಬದಲಾಗುತ್ತದೆ, ಡೋಮ್ ಚೂರುಚೂರೇ ಹೊರಗೆ ಸರಿಯುತ್ತದೆ. ಇಂಥವರಿಗೆ ಕಿವಿಯ ಅಚ್ಚು ತೆಗೆದು ಅದೇ ಆಕಾರದ ಮೌಲ್ಡ್ ಮಾಡಿಸುವುದೇ ಸರಿ, ಅಚ್ಚನ್ನು ಬಾಯಿ ತೆರೆದಿರುವಾಗಲೇ ತೆಗೆಯಬೇಕು. ಹಲ್ಲಿನ ನಡುವೆ ಒಂದು ಸಣ್ಣ ತುಂಡು ಕಚ್ಚಿಸಿ, ಕಾಲುವೆಯ ಎರಡನೇ ತಿರುವು ದಾಟಿ ಹತ್ತಿಯ ತಡೆ ಇಟ್ಟು, ಅಚ್ಚಿನ ವಸ್ತು ತುಂಬಲಾಯಿತು. ಬಾಯಿ ಮುಚ್ಚಿ ತೆಗೆದ ಅಚ್ಚಿನಿಂದ ಮಾಡಿದ ಮೌಲ್ಡ್ ಜಗಿಯುವವರ ಕಿವಿಯಲ್ಲಿ ಸಡಿಲವಾಗುತ್ತದೆ.

ಮೌಲ್ಡ್ ಗಟ್ಟಿ ಅಕ್ರಿಲಿಕ್‌ನದು, ರಿಸೀವರ್ ಅದರೊಳಗೆ ಕೂರುವಂಥದ್ದು. ಗಾಳಿಯಾಡಲು ಇಟ್ಟ ರಂಧ್ರ 1 ಮಿಲಿಮೀಟರ್. ಪ್ರೋಬ್ ಅಳತೆ ಬಹಳ ಚೆನ್ನಾಗಿ ಬಂತು, ಸಾಹುಕಾರರಿಗೆ ಮಾತ್ರ ಹಿಡಿಸಲಿಲ್ಲ. ಕೊಡದೊಳಗೆ ತಲೆ ಇಟ್ಟು ಮಾತಾಡಿದ ಹಾಗೆ ತಮ್ಮ ದನಿಯೇ ಗುಂಯ್‌ಗುಟ್ಟುತ್ತಿದೆ ಎಂದರು. ಮುಚ್ಚಿದ ಕಿವಿಯಲ್ಲಿ ಸ್ವಂತ ದನಿಯ ಕೆಳಸ್ವರ ಹೊರಹೋಗಲು ದಾರಿಯಿಲ್ಲದೆ ಒಳಗೇ ಸೇರಿಕೊಳ್ಳುವುದು ಇದಕ್ಕೆ ಕಾರಣ. ದಿನವಿಡೀ ಮಾತಾಡಿಯೇ ಬದುಕುವವರು ಇದನ್ನು ಸಹಿಸಿಕೊಳ್ಳಲಿ ಎಂದು ಹೇಳುವಂತಿಲ್ಲ. ರಂಧ್ರವನ್ನು 2 ಮಿಲಿಮೀಟರ್‌ಗೆ ದೊಡ್ಡದು ಮಾಡಿದಾಗ ದನಿಯ ಗುಂಯ್‌ಕಾರ ಒಪ್ಪುವ ಮಟ್ಟಕ್ಕೆ ಇಳಿಯಿತು. ಕೆಳಸ್ವರದ ಗದ್ದಲ ಸ್ವಲ್ಪ ಹೆಚ್ಚಾಗಿ ಒಳಬಂದರೂ ತೆರೆದ ಡೋಮಿನಷ್ಟು ಅಲ್ಲ. ಗುರಿಗೂ ಅಳತೆಗೂ ಇರುವ ವ್ಯತ್ಯಾಸ 3000 ಹರ್ಟ್ಸ್‌ವರೆಗೆ 3 ಡೆಸಿಬೆಲ್ ಒಳಗೆ, 4000ದಲ್ಲಿ 4 ಡೆಸಿಬೆಲ್ ಕಡಿಮೆ. ಅಲ್ಲಿಗೆ ನಿಲ್ಲಿಸಲಾಯಿತು. ಮೇಲಿನ ಸ್ವರವನ್ನು ಒಂದೇ ಸಲ ಅಲ್ಲಿಗೆ ಒಯ್ಯದೆ ಮೂರು ಭೇಟಿಗಳಲ್ಲಿ ಏರಿಸಿದ್ದು ಒಳ್ಳೆಯದಾಯಿತು, ಏಕೆಂದರೆ ವರ್ಷಗಟ್ಟಲೆ ಕೇಳದ 'ಸ'ಕಾರ ಮೊದಲ ದಿನ ಕಿವಿಗೆ ಚುಚ್ಚುತ್ತದೆ.

ಪ್ರೋಗ್ರಾಂ ಎರಡೇ ಇಡಲಾಯಿತು. ಒಂದು ಮನೆಗೆ, ಸಾಧನ ತಾನೇ ಹೊಂದಿಸಿಕೊಳ್ಳುವಂಥದ್ದು. ಇನ್ನೊಂದು ಅಂಗಡಿಗೆ, ದಿಕ್ಕಿನ ಮೈಕು ಸದಾ ಚಾಲೂ ಇರುವಂಥದ್ದು. ಅಂಗಡಿಯಲ್ಲೂ ತಾನೇ ಬದಲಾಗಲಿ ಎಂದು ಬಿಟ್ಟಾಗ ಹಲ್ಲರ್ ನಿಂತು ಶುರುವಾದಾಗಲೆಲ್ಲ ದನಿಯ ಬಣ್ಣ ಬದಲಾಗಿ ಅವರಿಗೆ ತಲೆನೋವಾಗುತ್ತಿತ್ತು. ಗದ್ದಲ ತಗ್ಗಿಸುವ ವ್ಯವಸ್ಥೆಯನ್ನು ಮಧ್ಯಮ ಮಟ್ಟದಲ್ಲಿ ಇಡಲಾಯಿತು. ಅದರಿಂದ ಆಯಾಸ ಕಡಿಮೆಯಾಗುತ್ತದೆ, ಅದು ಬೆಲೆಯುಳ್ಳದ್ದೇ. ಆದರೆ ಮಾತಿನ ಪದಗಳು ಹೆಚ್ಚು ತಿಳಿಯುವುದು ಅದರಿಂದಲ್ಲ ಎನ್ನುವುದನ್ನು ಅವರಿಗೆ ಮೊದಲೇ ಹೇಳಿದ್ದು ಒಳ್ಳೆಯದಾಯಿತು.

ಕಿರಿದಾದ ದಿಕ್ಕಿನ ಮೈಕನ್ನೂ ಒಂದು ವಾರ ಪ್ರಯತ್ನಿಸಿ ಕೈಬಿಡಲಾಯಿತು. ಮೂಗಿನ ನೇರಕ್ಕೆ ಕೂತವರ ಮಾತು ಬಹಳ ತಿಳಿಯಾಗುತ್ತಿತ್ತು. ಆದರೆ ಎಡಕ್ಕೆ ತೂಕದ ಯಂತ್ರದ ಬಳಿ ನಿಂತ, ಲೆಕ್ಕ ಬರೆಯುವ ರೈಟರ್ ಕೂಗಿದ್ದು ಕೇಳುತ್ತಿರಲಿಲ್ಲ. ಒಮ್ಮೆ ಹಿಂದೆ ಸರಿಯುತ್ತಿದ್ದ ಪಿಕಪ್ಪಿನ ಸದ್ದೂ ತಡವಾಗಿ ಗೊತ್ತಾಯಿತು. ಗಾಡಿ ಓಡಾಡುವ ಜಾಗದಲ್ಲಿ ಅದು ಅಪಾಯ. ಮುಂದಿನ ಅರ್ಧಕ್ಕೆ ಒತ್ತು ಕೊಡುವ ಅಗಲ ಮೈಕಿಗೇ ವಾಪಸಾಗಲಾಯಿತು.

ಕುರ್ಚಿ ಸರಿಸಿದ್ದು

ಸಾಹುಕಾರರು ರಸ್ತೆಗೆ ಮುಖ ಮಾಡಿ ಗಲ್ಲಾದಲ್ಲಿ ಕೂರುತ್ತಿದ್ದರು. ಮಾರಲು ಬಂದವರು ರಸ್ತೆಗೆ ಬೆನ್ನು ಮಾಡಿ, ಮೇಜಿನಾಚೆ ಸುಮಾರು 1.8 ಮೀಟರ್ ದೂರ ನಿಲ್ಲುತ್ತಿದ್ದರು. ದಿಕ್ಕಿನ ಮೈಕಿನ ಕಣ್ಣಿಗೆ ಇದಕ್ಕಿಂತ ಕೆಟ್ಟ ಏರ್ಪಾಡಿಲ್ಲ: ಮಾತೂ ಮುಂದೆ, ಲಾರಿಯೂ ಮುಂದೆ. ಬೆಳಕು ಬಂದವರ ಬೆನ್ನ ಹಿಂದಿನಿಂದ ಬೀಳುವುದರಿಂದ ಮುಖ ಕಪ್ಪು, ತುಟಿ ಕಾಣುವುದಿಲ್ಲ. ಅವರ ತಲೆಯ ಬಳಿ ಅಳೆದಾಗ ರಸ್ತೆಯ ಗದ್ದಲ 72 ಡೆಸಿಬೆಲ್, ಹಲ್ಲರ್ ಓಡಿದರೆ 80. ಎದುರಿನವರು ದನಿ ಏರಿಸಿ ಮಾತಾಡಿದರೂ 68. ಮಾತು ಗದ್ದಲಕ್ಕಿಂತ 4 ಡೆಸಿಬೆಲ್ ಕೆಳಗೆ. ಇದನ್ನು ಮೊಬೈಲಿನ ಆ್ಯಪಿನಲ್ಲಿಯೂ ನೋಡಬಹುದು. ಅಂಕಿ ಕರಾರುವಾಕ್ಕಾಗಿ ಇರದಿದ್ದರೂ ಒಂದು ಜಾಗಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ತಿಳಿಯಲು ಸಾಕು.

ಗಲ್ಲಾದ ಜಾಗ ಬದಲಿಸಲು ಅವರು ಸುತರಾಂ ಒಪ್ಪಲಿಲ್ಲ. ಅಪ್ಪನ ಕಾಲದಿಂದ ಅದು ಇರುವ ದಿಕ್ಕು ಅದು, ಜೊತೆಗೆ ಬಾಗಿಲಿಗೆ ಬೆನ್ನು ಹಾಕಿ ಕೂರುವ ವ್ಯಾಪಾರಿ ಉಂಟೇ ಎಂದರು. ಮಾತಿನಲ್ಲಿ ಹುರುಳಿತ್ತು. ಹಾಗಾಗಿ ಗಲ್ಲಾ ಅಲ್ಲೇ ಉಳಿಯಿತು, ಬೆಲೆಯ ಮಾತುಕತೆ ಮಾತ್ರ ಜಾಗ ಬದಲಿಸಿತು. ರಸ್ತೆಯಿಂದ ದೂರದ ಒಳಮೂಲೆಯಲ್ಲಿ ಎರಡು ಕುರ್ಚಿ, ನಡುವೆ 2 ಅಡಿ ಅಗಲದ ಸಣ್ಣ ಮೇಜು. ಬೆಳೆಗಾರರು ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾರೆ, ಸಾಹುಕಾರರು ಅವರಿಗೆ ಎದುರಾಗಿ. ಈಗ ರಸ್ತೆ ಅವರ ಬೆನ್ನ ಹಿಂದೆ. ಬಾಯಿಂದ ಕಿವಿಗೆ ದೂರ 0.9 ಮೀಟರ್. ದೂರ ಅರ್ಧವಾದರೆ ನೇರವಾಗಿ ಬರುವ ಮಾತು 6 ಡೆಸಿಬೆಲ್ ಹೆಚ್ಚುತ್ತದೆ. ಬೆಳೆಗಾರರ ಹಿಂದಿನ ಗೋಡೆಗೆ ಖಾಲಿ ಗೋಣಿಚೀಲಗಳನ್ನು ಒಂದು ಅಡಿ ದಪ್ಪಕ್ಕೆ, ಆಳೆತ್ತರಕ್ಕೆ ಒಟ್ಟಲಾಯಿತು. ಪ್ರತಿಧ್ವನಿ ನುಂಗಲು ಅಂಗಡಿಯಲ್ಲಿ ಇದ್ದ ಸಾಮಾನೇ ಸಾಕಾಯಿತು. ಟ್ಯೂಬ್‌ಲೈಟು ಬೆಳೆಗಾರರ ಮುಖಕ್ಕೆ ಬೀಳುವಂತೆ. ಟೇಬಲ್ ಫ್ಯಾನು ಸಾಹುಕಾರರ ಕಿವಿಯ ನೇರಕ್ಕೆ ಇದ್ದದ್ದನ್ನು ತೆಗೆಯಲಾಯಿತು, ಏಕೆಂದರೆ ಗಾಳಿ ಮೈಕಿಗೆ ಬಡಿದರೆ ಭೋರ್ ಎನ್ನುತ್ತದೆ. ಗೋಡೌನಿನ ಬಾಗಿಲು ಮುಚ್ಚಿಡುವುದು, ಹಲ್ಲರನ್ನು ಆದಷ್ಟು ಬೆಳಿಗ್ಗೆ ಬೇಗ ಮತ್ತು ಊಟದ ಹೊತ್ತಿಗೆ ಓಡಿಸುವುದು ಎಂದಾಯಿತು.

ಮೂಲೆಯಲ್ಲಿ ಗದ್ದಲ 64. ಬಂದವರು ಹತ್ತಿರವಾದರೂ ಮಾತು 68ರಲ್ಲೇ ಉಳಿಯಿತು, ಏಕೆಂದರೆ ಗದ್ದಲ ಇಳಿದಾಗ ಜನ ತಾವಾಗಿಯೇ ದನಿಯನ್ನೂ ಸ್ವಲ್ಪ ಇಳಿಸುತ್ತಾರೆ. ಗದ್ದಲಕ್ಕಿಂತ 4 ಕೆಳಗಿದ್ದ ಮಾತು 4 ಮೇಲಕ್ಕೆ ಬಂತು, ಒಟ್ಟು 8 ಡೆಸಿಬೆಲ್ ಲಾಭ. ಗೋಡೆ, ಮಾಡು ಇರುವ ಜಾಗದಲ್ಲಿ ಕಿವಿಯ ಮೇಲಿನ ದಿಕ್ಕಿನ ಮೈಕು ಸಾಮಾನ್ಯವಾಗಿ ಕೊಡುವುದು ಇದರ ಅರ್ಧ ಅಥವಾ ಇನ್ನೂ ಕಡಿಮೆ. ಎರಡು ಕುರ್ಚಿ ಮತ್ತು ಗೋಣಿಚೀಲಕ್ಕೆ ಖರ್ಚಾದ ದುಡ್ಡು ಲೆಕ್ಕಕ್ಕೆ ಬರುವಂಥದ್ದಲ್ಲ. ಶ್ರವಣ ಸಾಧನ ಕೊಡುವವರು ಬಳಸುವವರ ಕೆಲಸದ ಜಾಗವನ್ನು ಫೋಟೋದಲ್ಲಾದರೂ ಒಮ್ಮೆ ನೋಡಲೇಬೇಕು.

ಬಿಡಿ ಮೈಕು ಮತ್ತು ಅನುಮಾನ

ಉಳಿದದ್ದು ತೂಕದ ಯಂತ್ರ. ಅದು 5–6 ಮೀಟರ್ ದೂರ, ರೈಟರ್ ಅಲ್ಲಿಂದ ತೂಕ ಕೂಗಬೇಕು. ಇದಕ್ಕೆ ಸಾಧನಕ್ಕೆ ಹೊಂದುವ, ಅಂಗಿಗೆ ಸಿಕ್ಕಿಸುವ ಬಿಡಿ ಮೈಕು ಕೊಳ್ಳಲಾಯಿತು. ಮಾತಾಡುವವರ ಬಾಯಿಂದ 15–20 ಸೆಂಟಿಮೀಟರ್‌ನಲ್ಲಿ ಇರುವುದರಿಂದ ದೂರದ ಪ್ರಶ್ನೆಯೇ ಇಲ್ಲವಾಗುತ್ತದೆ. ಗದ್ದಲದಲ್ಲಿ ಇದರಷ್ಟು ಲಾಭ ಕೊಡುವ ಬೇರೆ ಉಪಕರಣ ಇಲ್ಲ.

ಮೊದಲ ವಾರ ಇದೂ ಸೋತಿತು. ಸಾಹುಕಾರರು ಅದನ್ನು ಮಾತುಕತೆಯ ಮೇಜಿನ ಮೇಲೆ ಇಟ್ಟರು. ಅಲ್ಲಿ ಅದು ಸುತ್ತಲಿನ ಎಲ್ಲವನ್ನೂ ಹಿಡಿದು ಕಿವಿಗೆ ತುಂಬಿತು. ಬೆಳೆಗಾರರ ಅಂಗಿಗೆ ಸಿಕ್ಕಿಸಲು ಹೋದರೆ, "ಏನ್ರೀ ಇದು, ರೆಕಾರ್ಡ್ ಮಾಡ್ತೀರಾ?" ಎಂದು ಅವರು ಹಿಂದೆ ಸರಿದರು. ಬೆಲೆ ಮಾತಾಡುವ ಜಾಗದಲ್ಲಿ ಆ ಅನುಮಾನ ಸಹಜ, ಅದನ್ನು ವಾದ ಮಾಡಿ ಕಳೆಯಲು ಆಗುವುದಿಲ್ಲ. ಹಾಗಾಗಿ ಮೈಕು ರೈಟರ ಅಂಗಿಗೆ ಮಾತ್ರ. ಪ್ರತಿ ಚೀಲದ ತೂಕವನ್ನು ಅವರು ಎರಡು ಬಗೆಯಲ್ಲಿ ಹೇಳುತ್ತಾರೆ: "ಐವತ್ತೆರಡು, ಐದು ಎರಡು." ಮಾತುಕತೆಯ ಮೇಜಿನಲ್ಲಿಯೂ ಇದೇ ಪದ್ಧತಿ ಬಂತು. ಬೆಲೆ ಕುದುರಿದ ಮೇಲೆ ಸಾಹುಕಾರರೇ "ಎಪ್ಪತ್ತು, ಏಳು ಸೊನ್ನೆ, ಸರಿನಾ?" ಎಂದು ಹೇಳಿ ಚೀಟಿಯಲ್ಲಿ ಬರೆದು ತೋರಿಸುತ್ತಾರೆ. ಏಳು ಮತ್ತು ಎರಡರ ನಡುವೆ ಇಪ್ಪತ್ತು–ಎಪ್ಪತ್ತರಂಥ ಗೊಂದಲ ಇಲ್ಲ.

ಫಲಿತಾಂಶ

ಸೀಸನ್ನಿನ ನಡುವೆ, ಫೆಬ್ರವರಿಯಲ್ಲಿ ಮರುಪರೀಕ್ಷೆ. ಮೊದಲಿನಂತೆಯೇ ಗದ್ದಲಕ್ಕಿಂತ 5 ಡೆಸಿಬೆಲ್ ಮೇಲಿನ ಮಾತಿನಲ್ಲಿ 48% ಇದ್ದದ್ದು 76%ಕ್ಕೆ ಬಂತು. ಬಳಕೆ ದಿನಕ್ಕೆ ಸರಾಸರಿ 9 ಗಂಟೆ, ಎರಡೂ ಕಿವಿಯಲ್ಲಿ. ಶುರುವಿನಲ್ಲಿ ಅವರೇ ಬರೆಸಿದ್ದ ಗುರಿಗಳಲ್ಲಿ ಬೆಲೆ ಮತ್ತು ತೂಕದ ಮಾತು "ಬಹಳ ಸುಧಾರಿಸಿದೆ", ಮೊಮ್ಮಗಳ ಮಾತು "ಸುಧಾರಿಸಿದೆ", ಮದುವೆಮನೆಯ ಪಂಕ್ತಿಯಲ್ಲಿ ಮಾತು "ಹಾಗೇ ಇದೆ". ಕೊನೆಯದನ್ನು ಮರೆಮಾಚುವುದು ಬೇಡ. ಓಲಗ, ಪಾತ್ರೆ, ನೂರಾರು ಜನರ ಮಾತು ಒಟ್ಟಿಗೇ ನಾಲ್ಕೂ ದಿಕ್ಕಿನಿಂದ ಬರುವ ಕಡೆ ಕಿವಿಯ ಮೇಲಿನ ಮೈಕು ಹೆಚ್ಚು ಮಾಡಲಾರದು. ಅಲ್ಲಿ ಬಿಡಿ ಮೈಕನ್ನು ಪಕ್ಕದಲ್ಲಿ ಕೂತ ಹೆಂಡತಿಯ ಸೆರಗಿಗೆ ಸಿಕ್ಕಿಸಿ, "ಯಾರು ಏನಂದ್ರು" ಎಂಬುದನ್ನು ಅವರ ಬಾಯಲ್ಲೇ ಕೇಳುವುದು ಸದ್ಯದ ಉಪಾಯ.

ಮೌಲ್ಡ್, ರಿಪೇರಿ, ಬಿಡಿ ಮೈಕು ಎಲ್ಲ ಸೇರಿದರೂ ಮಗ ನೋಡಿದ್ದ ಹೊಸ ಜೋಡಿಯ ಬೆಲೆಯ ಮೂರನೇ ಒಂದು ಪಾಲು ಆಗಲಿಲ್ಲ.

ಮಳೆಗಾಲ ಬೇರೆಯೇ ಪರೀಕ್ಷೆ ಒಡ್ಡಿತು. ಜುಲೈನಲ್ಲಿ ಎಡ ಸಾಧನ ಮಂಕಾಗಿ, ಎರಡು ದಿನಕ್ಕೆ ನಿಂತೇಹೋಯಿತು. ಮೌಲ್ಡಿನ ರಂಧ್ರದಲ್ಲಿ ನೀರಿನ ಹನಿ, ರಿಸೀವರಿನ ಬಾಯಲ್ಲಿ ತೇವ. ಮೌಲ್ಡ್ ಬಿಸಿ ಕಿವಿಯಲ್ಲಿ ಇರುತ್ತದೆ, ಹೊರಗೆ ತಣ್ಣನೆಯ ಒದ್ದೆ ಗಾಳಿ. ಒಳಗಿನ ಆವಿ ರಂಧ್ರದಲ್ಲೇ ಹನಿಗಟ್ಟುತ್ತದೆ. ಮನೆಯವರು ಬಚ್ಚಲೊಲೆಯ ಕಟ್ಟೆಯ ಮೇಲೆ ಇಟ್ಟು ಒಣಗಿಸಲು ಹೊರಟಿದ್ದರು. ಪ್ಲಾಸ್ಟಿಕ್ ಸೊಟ್ಟಗಾಗಿ ರಿಸೀವರ್ ಸುಟ್ಟುಹೋಗಲು ಅಷ್ಟು ಸಾಕು. ಸರಿಯಾದ ಕ್ರಮ ಹೀಗೆ: ರಾತ್ರಿ ಬ್ಯಾಟರಿ ಹೊರಗೆ ತೆಗೆದು ಒರೆಸಬೇಕು, ಬ್ಯಾಟರಿಯ ಬಾಗಿಲು ತೆರೆದಿಟ್ಟು ಸಾಧನವನ್ನು ಸಿಲಿಕಾ ಜೆಲ್ ಇರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬೆಳಗಿನವರೆಗೆ ಇಡಬೇಕು. ಬ್ಯಾಟರಿಯನ್ನು ಅದೇ ಡಬ್ಬಿಗೆ ಹಾಕಬಾರದು, ಜಿಂಕ್-ಏರ್ ಬ್ಯಾಟರಿಯ ಒಳಗಿನ ತೇವವೂ ಆರಿಹೋಗಿ ಅದು ಬೇಗ ಸಾಯುತ್ತದೆ. ಜೆಲ್‌ನ ಮಣಿಗಳ ಬಣ್ಣ ಬದಲಾದರೆ ಮಣಿ ಬದಲಿಸಬೇಕು. ಇಲ್ಲಿನ ಮಳೆಯಲ್ಲಿ ಡಬ್ಬಿಯ ಮೇಲೆ ಬರೆದಿರುವುದಕ್ಕಿಂತ ಬೇಗ ಬದಲಾಗುತ್ತದೆ. ಮೌಲ್ಡಿನ ರಂಧ್ರಕ್ಕೆ ನೈಲಾನ್ ದಾರ ಹಾಯಿಸಿ ಒರೆಸಬೇಕು. ಎಡದ ರಿಸೀವರ್ ಬದಲಿಸಬೇಕಾಯಿತು. ಆಮೇಲೆ ಆ ಮಳೆಗಾಲದಲ್ಲಿ ಮತ್ತೆ ತೊಂದರೆ ಬರಲಿಲ್ಲ. ತಗಡಿನ ಮಾಡಿನ ಮೇಲೆ ಬಿರುಮಳೆ ಸುರಿಯುವಾಗ ಮಾತ್ರ ಅಂಗಡಿಯಲ್ಲಿ ಯಾರಿಗೂ ಯಾರ ಮಾತೂ ಕೇಳುವುದಿಲ್ಲ. ಆಗ ಚೀಟಿಯೇ ಗತಿ.

ಹಲ್ಲರ್ ಕೋಣೆಗೆ ಹೋಗುವಾಗಿನ ನಿಯಮವನ್ನು ಎಲ್ಲಕ್ಕಿಂತ ಕಟ್ಟುನಿಟ್ಟಾಗಿ ಇಡಲಾಗಿದೆ. ಯಂತ್ರದ ಪಕ್ಕ ಸದ್ದು 90 ಡೆಸಿಬೆಲ್ ದಾಟುತ್ತದೆ. ಸಾಧನ ಆಫ್ ಮಾಡಿ ಕಿವಿಯಲ್ಲೇ ಬಿಟ್ಟರೆ ರಕ್ಷಣೆಯಾಗುತ್ತದೆ ಎಂದು ಅವರು ನಂಬಿದ್ದರು. 2 ಮಿಲಿಮೀಟರ್ ರಂಧ್ರವಿರುವ ಮೌಲ್ಡ್ ಆ ಗುಂಯ್‌ಕಾರವನ್ನು ತಡೆಯುವುದಿಲ್ಲ. ಅಲ್ಲಿಗೆ ಹೋಗುವಾಗ ಸಾಧನ ತೆಗೆದು ಡಬ್ಬಿಗೆ ಹಾಕಿ ಇಯರ್ ಮಫ್ ಹಾಕಬೇಕು. ಹಾಗೆ ಮಾಡಿದರೆ ಸಿಪ್ಪೆಯ ಧೂಳೂ ಮೈಕಿಗೆ ತಾಗುವುದಿಲ್ಲ. ಈಗ ಗೋಡೌನಿನ ಬಾಗಿಲ ಮೊಳೆಗೆ ಎರಡು ಇಯರ್ ಮಫ್ ನೇತುಹಾಕಲಾಗಿದೆ, ಒಂದು ಸಾಹುಕಾರರಿಗೆ, ಇನ್ನೊಂದು ಹಲ್ಲರ್ ನಡೆಸುವ 28 ವರ್ಷದ ಹುಡುಗನಿಗೆ. ಆ ಹುಡುಗನ ಮೊದಲ ಆಡಿಯೋಗ್ರಾಮನ್ನೂ ತೆಗೆದಿಡಲಾಗಿದೆ. ಪ್ರತಿ ಸೀಸನ್ ಮುಗಿದ ಮೇಲೆ, ಯಂತ್ರ ನಿಂತು ಕನಿಷ್ಠ ಎರಡು ದಿನ ಕಳೆದ ನಂತರ ಇಬ್ಬರಿಗೂ ಪರೀಕ್ಷೆ ನಡೆಯುತ್ತದೆ.